ತಾಯಿಯಿಂದ ಮಗಳಿಗೆ ಬಂದ ವಿದ್ಯೆ



ಮಾಜಾಳಿಯೆಂದರೆ ಕರ್ನಾಟಕದ ಕರಾವಳಿಯ ಬಡಗಣ ತುದಿ. ಅದರಾಚೆ ಗೋವೆ. ರಾಜ್ಯಕ್ಕೆ ಅಲ್ಲಿ ಎಲ್ಲೆಯುಂಟು; ಹೆಣ್ಣುಮಕ್ಕಳ ಹಾಡಿಗೆ ಎಲ್ಲೆಯಿಲ್ಲ. ಗೋವೆಯಲ್ಲಿ ಚೌತಿಯ ಹಬ್ಬಕ್ಕೆ ಹೆಂಗಸರು ಫುಗಡಿ ಆಡುತ್ತಾರೆ. ಇತ್ತ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿಯೂ ಪುಗಡಿಯುಂಟು. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅಜ್ಜಿ ಆಡಿದಳು, ಮೊಮ್ಮಗಳು ನೋಡಿದಳು, ಮುಂದಿನ ವರುಷ ತಾನೂ ಆಟದಲ್ಲಿ ಕೂಡಿಕೊಂಡಳು.

ಇತಿಹಾಸವೆಂದರೆ ಅರಸರ ಕಾಳಗ, ಕೋಟೆ ಕೊತ್ತಲಗಳೆಂದು ನಾವು ತಿಳಿಯುತ್ತೇವೆ. ಸದಾಶಿವಗಡದ ಕೋಟೆಯ ಸಂಗತಿ ಪುಸ್ತಕದಲ್ಲಿ ಸಿಗುತ್ತದೆ. ನಟ್ಟಿಯ ಗದ್ದೆಯಲ್ಲಿ ಬೆನ್ನು ಬಾಗಿಸಿ ಹಾಡಿದವಳ ಹೆಸರನ್ನು ಬರೆದಿಟ್ಟವರು ಯಾರು? ಅಂಥ ಹೆಸರಿಲ್ಲದವರ ಸಾಲಿನಿಂದಲೇ ಒಬ್ಬ ತಾಯಿಯ ಹೆಸರು ದಿಲ್ಲಿಯವರೆಗೆ ಹೋಯಿತು.

ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಆ ತಾಯಿ. ಜನರ ಬಾಯಲ್ಲಿ ಸುಕ್ರಜ್ಜಿ. ಎಳವೆಯಲ್ಲಿ ತಾಯಿಯ ಬಾಯಿಂದ ಹಾಡು ಕಲಿತರು. ಬೇಗನೆ ಮದುವೆಯಾಯಿತು, ಬಳಿಕ ಗಂಡನನ್ನು ಕಳೆದುಕೊಂಡರು. ಹಾಡು ಮಾತ್ರ ಅವರನ್ನು ಬಿಡಲಿಲ್ಲ. ಮದುವೆಯ ಹಾಡು, ಹಬ್ಬದ ಹಾಡು, ದುಡಿಮೆಯ ಹಾಡು ಹೀಗೆ ನೂರಾರು ಹಾಡುಗಳು ಅವರ ಕಂಠದಲ್ಲಿದ್ದವು. ತಮ್ಮ ಜನಾಂಗದ ಎಳೆಯರಿಗೆ ಅವನ್ನು ಕಲಿಸಿದರು; ಆಕಾಶವಾಣಿಗೂ ಹಾಡಿಕೊಟ್ಟರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ತೀರಿಕೊಂಡರು.

ಹಾಡು ಬರಿಯ ಹೊತ್ತು ಕಳೆಯುವ ಸಾಧನವೆಂದು ಯಾರೂ ಭಾವಿಸಬಾರದು. ಸಾರಾಯಿ ಮನೆ ಮನೆಯನ್ನು ಕೆಡಿಸುತ್ತಿದ್ದಾಗ ಇದೇ ಸುಕ್ರಜ್ಜಿ ಊರ ಹೆಂಗಸರನ್ನು ಕೂಡಿಸಿಕೊಂಡು ಅದರ ವಿರುದ್ಧ ನಿಂತರು. ಸಾಕುಮಗನನ್ನು ಕುಡಿತಕ್ಕೆ ಕಳೆದುಕೊಂಡ ನೋವು ಅವರಿಗಿತ್ತು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಹತ್ತು ಜನರ ಮುಂದೆ ದನಿಯೆತ್ತಿ ಹಾಡಿ ರೂಢಿಯಾದವಳಿಗೆ, ಹತ್ತು ಜನರ ಮುಂದೆ ನ್ಯಾಯ ಕೇಳುವ ಧೈರ್ಯವೂ ಬರುತ್ತದೆ.

ಅದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೋಡಿರಿ. ಚಿಕ್ಕಂದಿನಲ್ಲಿಯೇ ತಂದೆ ಇಲ್ಲವಾದರು. ತಾಯಿಯ ಜೊತೆ ಸಸಿಮಡಿಗೆ ಕೂಲಿಗೆ ಹೋದ ಹುಡುಗಿ ಬೀಜವನ್ನು ಅರಿತಳು, ಗಿಡವನ್ನು ಅರಿತಳು. ಸಾವಿರ ಸಾವಿರ ಸಸಿಗಳನ್ನು ಬೆಳೆಸಿದ ಆ ತಾಯಿ 2021ರ ನವೆಂಬರದಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರ 16ರಂದು ಅವರೂ ಅಗಲಿದರು.

ಎರಡು ತಿಂಗಳೊಳಗೆ ಎರಡು ದೀಪ ಆರಿದವು. ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಇಬ್ಬರಿಗೂ ಶಾಲೆಯ ಓದು ದೊರೆಯಲಿಲ್ಲ. ಅದನ್ನೇ ದೊಡ್ಡಸ್ತಿಕೆಯಾಗಿ ಹೊಗಳುವವರಿದ್ದಾರೆ. ಅದು ಅವರ ಹಿರಿಮೆಯಲ್ಲ, ನಮ್ಮ ಸಮಾಜದ ಕೊರತೆ. ಶಾಲೆಯ ಬಾಗಿಲು ತೆರೆಯದಿದ್ದರೂ ಅವರು ಬೆಳೆದರು. ತೆರೆದಿದ್ದರೆ ಇನ್ನೆಷ್ಟು ಬೆಳೆಯುತ್ತಿದ್ದರು! ಇನ್ನೊಂದು ಕಡೆ, ಇಂದು ಶಾಲೆಗೆ ಹೋಗುವ ಮಗಳಿಗೆ ಅಜ್ಜಿಯ ಹಾಡು ಕೇಳಲು ಪುರಸೊತ್ತಿಲ್ಲ. ಒಂದು ಕೈಯಿಂದ ಅಕ್ಷರ ಕೊಟ್ಟು ಇನ್ನೊಂದು ಕೈಯಿಂದ ಹಾಡು ಕಸಿದುಕೊಂಡರೆ ಲೆಕ್ಕ ಸರಿಹೋಯಿತೇ? ಮಗಳಿಗೆ ಎರಡೂ ಬೇಕು. ಬರೆಯಬಲ್ಲ ಮೊಮ್ಮಗಳು ಅಜ್ಜಿಯ ಹಾಡನ್ನು ಬರೆದಿಟ್ಟರೆ, ಅಜ್ಜಿಯ ಬಾಳಿಗೂ ಮೊಮ್ಮಗಳ ಓದಿಗೂ ಬೆಲೆ ಬಂದೀತು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದದ್ದೂ ಇದೇ. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದವರಿಗೆ ನುಡಿಯುವ ಶಕ್ತಿ ಯಾರೂ ದಾನವಾಗಿ ಕೊಟ್ಟದ್ದಲ್ಲ. ಅದು ಅವರೊಳಗೇ ಇತ್ತು. ಶರಣರು ಮಾಡಿದ್ದು ಕಿವಿಗೊಟ್ಟು ಕೇಳಿದ್ದು. ಕೇಳುವ ಸಭೆಯಿದ್ದಲ್ಲಿ ಹೆಣ್ಣುಮಗಳ ಮಾತು ಅರಳುತ್ತದೆ. ಇಲ್ಲದಲ್ಲಿ ಒಲೆಯ ಮುಂದೆಯೇ ಬೂದಿಯಾಗುತ್ತದೆ.

ಆದ್ದರಿಂದ ಊರ ಜಾತ್ರೆಯಲ್ಲಿ, ಸುಗ್ಗಿಯಲ್ಲಿ, ಶಾಲೆಯ ಹಬ್ಬದಲ್ಲಿ ಹುಡುಗಿಯರನ್ನು ಆರತಿ ಹಿಡಿಯಲು ಮಾತ್ರ ನಿಲ್ಲಿಸಬೇಡಿರಿ. ಅವರಿಗೂ ವೇದಿಕೆ ಕೊಡಿರಿ. ಹಾಡು ಬಲ್ಲ, ಹಸೆ ಬರೆಯಬಲ್ಲ, ಗಿಡಮೂಲಿಕೆ ಬಲ್ಲ ಒಬ್ಬ ಹಿರಿಯಳ ಬಳಿ ವಾರಕ್ಕೊಂದು ಹೊತ್ತು ಕೂಡಿಸಿರಿ. ಪ್ರಶಸ್ತಿ ಬಂದ ಮೇಲೆ ಹಾರ ಹಾಕುವುದು ಸುಲಭ. ಹೆಸರು ಬರುವ ಮೊದಲೇ, ಅಂಗಳದಲ್ಲಿ ಹಾಡುವ ಮಗುವಿನ ಮುಂದೆ ಅರೆಗಳಿಗೆ ಕುಳಿತು ಕೇಳುವುದೇ ನಿಜವಾದ ಮನ್ನಣೆ.