ಸಿಮಿಲಿಪಾಲದ ಕಪ್ಪು ಹುಲಿ

ಚಿತ್ರದಲ್ಲಿರುವ ಹುಲಿಯ ಬೆನ್ನನ್ನು ಹತ್ತಿರದಿಂದ ನೋಡಿ. ಕಪ್ಪು ಪಟ್ಟೆಗಳು ಅಗಲವಾಗಿ ಒಂದರೊಳಗೊಂದು ಸೇರಿಕೊಂಡಿವೆ. ನಡುವಿನ ಕಂದು ಹಳದಿ ಅಲ್ಲಲ್ಲಿ ಎಳೆಯಾಗಿ ಮಾತ್ರ ಉಳಿದಿದೆ. ಇದೂ ಬಂಗಾಳ ಹುಲಿಯೇ. ಕಾಡಿನಲ್ಲಿ ಇಂಥವು ನೆಲೆಸಿರುವುದು ಒಡಿಶಾದ ಸಿಮಿಲಿಪಾಲದಲ್ಲಿ.

ಈ ಕಪ್ಪು ಮೈಬಣ್ಣದ ಕಾರಣ ಪತ್ತೆಯಾದದ್ದು ಬೆಂಗಳೂರಿನಲ್ಲಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಸಂಗಡಿಗರು 2021ರಲ್ಲಿ ಅದನ್ನು ಪ್ರಕಟಿಸಿದರು. ‘ಟ್ಯಾಕ್‌ಪೆಪ್’ ಎಂಬ ವಂಶವಾಹಿಯ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ: ‘ಸಿ’ ಇರಬೇಕಾದಲ್ಲಿ ‘ಟಿ’. ಅಷ್ಟರಿಂದಲೇ ಪ್ರೋಟೀನಿನ 454ನೇ ಸ್ಥಾನದಲ್ಲಿ ಹಿಸ್ಟಿಡಿನ್ ಹೋಗಿ ಟೈರೋಸಿನ್ ಬರುತ್ತದೆ, ಇಡೀ ಮೈಯ ವಿನ್ಯಾಸವೇ ಬೇರೆಯಾಗುತ್ತದೆ. ಆಫ್ರಿಕಾದ ಕಿಂಗ್ ಚೀತಾದ ಮೈಮೇಲಿನ ದಪ್ಪ ಪಟ್ಟೆಗಳಿಗೂ ಕೆಲವು ಸಾಕುಬೆಕ್ಕುಗಳ ಸುರುಳಿ ಗುರುತುಗಳಿಗೂ ಇದೇ ವಂಶವಾಹಿಯಲ್ಲಾದ ಬೇರೆ ಮ್ಯುಟೇಶನ್‌ಗಳೇ ಕಾರಣ.

ತಾಯಿ, ತಂದೆ ಇಬ್ಬರಿಂದಲೂ ಬದಲಾದ ಪ್ರತಿ ಬಂದರೆ ಮಾತ್ರ ಮರಿ ಹೀಗೆ ಕಪ್ಪಾಗುತ್ತದೆ. ಒಬ್ಬರಿಂದಷ್ಟೇ ಬಂದರೆ ಮಾಮೂಲಿ ಪಟ್ಟೆ. ಇಷ್ಟು ಅಪರೂಪದ ಜೋಡಿ ಇಲ್ಲಿ ಮತ್ತೆ ಮತ್ತೆ ಕೂಡಿಬರಲು ಕಾರಣವಿದೆ. ಸಿಮಿಲಿಪಾಲದ ಕೆಲವೇ ಹುಲಿಗಳು ಬೇರೆ ಕಾಡುಗಳ ಹುಲಿಗಳಿಂದ ದೂರವಾಗಿ, ತಲೆಮಾರುಗಳಿಂದ ತಮ್ಮತಮ್ಮಲ್ಲೇ ಕೂಡುತ್ತ ಬಂದಿವೆ. ಹಾಗಾಗಿ ಈ ಮೈಬಣ್ಣ ಕಣ್ಣಿಗೆ ಎಷ್ಟು ಚೆಂದವೋ ಸಂತತಿಯ ದೃಷ್ಟಿಯಿಂದ ಅಷ್ಟೇ ಆತಂಕದ ಸೂಚನೆ. ಹೊಸ ರಕ್ತ ಬೆರೆಯಲೆಂದು 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಸಿಮಿಲಿಪಾಲಕ್ಕೆ ತರಲಾಯಿತು.