ವಿದ್ಯುನ್ಮಾನ ಸಹಿ ಹಾಗೂ ಕರಾರು ತಂತ್ರಾಂಶಗಳ ಹೊಸ ಸೌಲಭ್ಯಗಳು: ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಸಾರ್ವಜನಿಕರ ಮಾಹಿತಿಗಾಗಿ

ಸೇವಾ ಸಿಂಧು ಪೋರ್ಟಲ್‌ನ ಅನೇಕ ಸೇವೆಗಳಲ್ಲಿ ಅರ್ಜಿ ಸಲ್ಲಿಕೆಯ ಕೊನೆಯ ಹಂತದಲ್ಲಿ ಇ-ಸಹಿ ಮಾಡಬೇಕಾಗುತ್ತದೆ. ಅರ್ಜಿದಾರರು ಆಧಾರ್ ಸಂಖ್ಯೆಯನ್ನು ನಮೂದಿಸಿ, ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿಯನ್ನು ಭರ್ತಿ ಮಾಡಿದೊಡನೆ ಸಹಿ ಪೂರ್ಣಗೊಳ್ಳುತ್ತದೆ. ಬಾಡಿಗೆ ಕರಾರು, ಸಾಲದ ಕರಾರು, ನೌಕರಿಯ ಒಪ್ಪಂದ ಮುಂತಾದವುಗಳಿಗೆ ಇದೇ ರೀತಿ ಸಹಿ ಪಡೆಯುವ ತಂತ್ರಾಂಶಗಳೂ ಬಳಕೆಯಲ್ಲಿವೆ.

ಒಟಿಪಿ ಎಂಬುದು ಮೊಬೈಲ್ ಸಂಖ್ಯೆಯ ಪರಿಶೀಲನೆ ಮಾತ್ರವೆಂದು ಭಾವಿಸಿ ಅದನ್ನು ಸೈಬರ್ ಕೇಂದ್ರದವರಿಗೋ ಮಧ್ಯವರ್ತಿಗಳಿಗೋ ಹೇಳಿಬಿಡುವ ರೂಢಿಯಿದೆ. ಇ-ಸಹಿಯ ಪುಟದಲ್ಲಿ ಸದರಿ ಒಟಿಪಿಯೇ ಅರ್ಜಿದಾರರ ಸಹಿಯಾಗಿರುತ್ತದೆ. ದಾಖಲೆಯನ್ನು ಓದದೆ ಅದನ್ನು ಇತರರಿಗೆ ತಿಳಿಸುವುದು ಖಾಲಿ ಛಾಪಾ ಕಾಗದದ ಮೇಲೆ ಸಹಿ ಹಾಕಿಕೊಟ್ಟಂತೆಯೇ ಸರಿ.

ಕಾನೂನಿನ ಮಾನ್ಯತೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 5ರನ್ವಯ, ನಿಯಮಾನುಸಾರ ಮಾಡಿದ ವಿದ್ಯುನ್ಮಾನ ಸಹಿಯು ಕೈಬರಹದ ಸಹಿಯಷ್ಟೇ ಮಾನ್ಯವಾಗಿರುತ್ತದೆ. ಆರಂಭದಲ್ಲಿ ಡಿಜಿಟಲ್ ಸಹಿಗೆ ಮಾತ್ರ ಈ ಸ್ಥಾನವಿದ್ದಿತು. 2008ರ ತಿದ್ದುಪಡಿಯಿಂದ ಕಲಂ 3ಎ ಸೇರ್ಪಡೆಯಾಗಿ, 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿತು. ತದನಂತರ 2015ರ ನಿಯಮಗಳ ಮೂಲಕ ಆಧಾರ್ ಆಧಾರಿತ ಇ-ಸಹಿಗೆ ಅವಕಾಶ ಕಲ್ಪಿಸಲಾಯಿತು.

ಪ್ರಸ್ತುತ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದು ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ ಪ್ರಮಾಣಪತ್ರ. ಟೆಂಡರ್‌ದಾರರು ಹಾಗೂ ಕಂಪನಿಗಳ ನಿರ್ದೇಶಕರು ಸಾಮಾನ್ಯವಾಗಿ ಇದನ್ನು ಬಳಸುತ್ತಾರೆ. 2ನೇ ದರ್ಜೆಯ ಪ್ರಮಾಣಪತ್ರಗಳ ನೀಡಿಕೆಯು 2021ರ ಜನವರಿ 1ರಿಂದ ನಿಂತಿದ್ದು, ಈಗ 3ನೇ ದರ್ಜೆಯ ಪ್ರಮಾಣಪತ್ರವನ್ನು ಪಡೆಯತಕ್ಕದ್ದು. ಟೋಕನ್ ಮತ್ತು ಅದರ ಪಿನ್ ಎರಡನ್ನೂ ಲೆಕ್ಕಪರಿಶೋಧಕರ ಕಚೇರಿಯಲ್ಲಿಯೇ ಬಿಟ್ಟಿರುವ ಉದ್ಯಮಿಗಳು ಅನೇಕರಿದ್ದಾರೆ. ಕಲಂ 42ರ ಪ್ರಕಾರ ಖಾಸಗಿ ಕೀಲಿಯನ್ನು ತಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆ ಪ್ರಮಾಣಪತ್ರ ಪಡೆದವರದೇ ಆಗಿದೆ. ಅದು ಕಳೆದುಹೋದಲ್ಲಿ ಅಥವಾ ಅನ್ಯರ ಕೈಸೇರಿದಲ್ಲಿ ಪ್ರಮಾಣೀಕರಣ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸಬೇಕು.

ಎರಡನೆಯದು ಇ-ಸಹಿ. ಇದಕ್ಕೆ ಟೋಕನ್ ಅಗತ್ಯವಿಲ್ಲ. ಒಟಿಪಿ ಅಥವಾ ಬೆರಳಚ್ಚಿನ ಮೂಲಕ ಗುರುತು ದೃಢಪಟ್ಟ ನಂತರ ಅದೊಂದು ಸಹಿಗಾಗಿಯೇ ಕೀಲಿಯು ಸೃಷ್ಟಿಯಾಗಿ, ಬಳಕೆಯಾದೊಡನೆ ಅಳಿಸಲ್ಪಡುತ್ತದೆ. ಪ್ರಮಾಣಪತ್ರದ ಅವಧಿ 30 ನಿಮಿಷ ಮಾತ್ರ. ಮುಂದೆ ಪರಿಶೀಲಿಸುವಾಗ ಸಹಿ ಮಾಡಿದ ಸಮಯವು ಆ ಅವಧಿಯೊಳಗಿತ್ತೇ ಎಂಬುದನ್ನು ನೋಡಲಾಗುವುದರಿಂದ, ಅವಧಿ ಮುಗಿದಿದೆಯೆಂದು ಅರ್ಜಿದಾರರು ಗಾಬರಿಪಡುವ ಅಗತ್ಯವಿಲ್ಲ.

ಸಹಿಯ ಚಿತ್ರವು ವಿದ್ಯುನ್ಮಾನ ಸಹಿಯಲ್ಲ

ಹೆಸರನ್ನು ಟೈಪ್ ಮಾಡಿದರೆ ಅದನ್ನು ಕೈಬರಹದಂತೆ ತೋರಿಸುವ, ಅಥವಾ ಪರದೆಯ ಮೇಲೆ ಬೆರಳಿನಿಂದ ಗೀಚಲು ಬಿಡುವ ಸೌಲಭ್ಯವು ಹಲವು ತಂತ್ರಾಂಶಗಳಲ್ಲಿದೆ. ನೋಡಲು ಇದು ಸಹಿಯಂತೆಯೇ ಇರುತ್ತದೆ, ಆದರೆ ಅಧಿನಿಯಮದ ಎರಡನೇ ಅನುಸೂಚಿಯಲ್ಲಿ ಹೇಳಿರುವ ವಿಧಾನ ಇದಲ್ಲ. ಹಾಗೆಂದು ಒಪ್ಪಂದವೇ ಅಸಿಂಧುವಾಗುವುದಿಲ್ಲ. ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲವೆಂದು ಕಲಂ 10ಎ ಹೇಳುತ್ತದೆ. ಆದರೆ ತಕರಾರು ಎದ್ದಾಗ ಆ ಗೀಚು ಯಾರದೆಂಬುದನ್ನು ಬೇರೆ ಸಾಕ್ಷ್ಯಗಳಿಂದ ರುಜುವಾತುಪಡಿಸಬೇಕಾಗುತ್ತದೆ. ಮುಂಗಡದ ದೊಡ್ಡ ಮೊತ್ತ ಒಳಗೊಂಡ ಕರಾರುಗಳಿಗೆ ಪ್ರಮಾಣಪತ್ರ ಸಹಿತವಾದ ವಿಧಾನವನ್ನೇ ಕೇಳಿ ಪಡೆಯುವುದು ಸೂಕ್ತ.

ಮುದ್ರಿತ ಪ್ರತಿ ಮತ್ತು ಮೂಲ ಕಡತ

ಡಿಜಿಟಲ್ ಸಹಿಯಿರುವ ಪ್ರಮಾಣಪತ್ರವನ್ನು ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ಮೂಲ ಪಿಡಿಎಫ್ ಕಡತವನ್ನು ಅಳಿಸಿಬಿಡುವವರಿದ್ದಾರೆ. ಸಹಿ ಇರುವುದು ಕಡತದ ಒಳಗೆ. ಕಾಗದದ ಮೇಲೆ ಕಾಣುವ ಹೆಸರು, ದಿನಾಂಕ ಅದರ ನೆರಳು ಮಾತ್ರ. ಆದುದರಿಂದ ಮೂಲ ಕಡತವನ್ನು ಇಳಿಸಿಕೊಂಡ ಸ್ಥಿತಿಯಲ್ಲಿಯೇ ಕಾಪಾಡಿಕೊಳ್ಳಬೇಕು. ಡಿಜಿಲಾಕರ್‌ನಲ್ಲಿಯೂ ಅದರ ಪ್ರತಿಯನ್ನು ಇಡಬಹುದು.

ಅಪ್‌ಲೋಡ್ ಮಿತಿಗೆ ಒಗ್ಗಿಸಲು ಕಡತದ ಗಾತ್ರ ಕುಗ್ಗಿಸುವುದು, ಎರಡು ಕಡತಗಳನ್ನು ಒಂದಾಗಿ ಜೋಡಿಸುವುದು, ಪಿಡಿಎಫ್‌ ಅನ್ನೇ ಮತ್ತೆ ಪಿಡಿಎಫ್ ಆಗಿ ಮುದ್ರಿಸುವುದು ಇವೆಲ್ಲ ಸಹಿಯನ್ನು ಕೆಡಿಸುತ್ತವೆ. ಸಹಿಯಾದ ನಂತರ ಕಡತದ ಒಂದು ಅಕ್ಷರ ಬದಲಾದರೂ ಅದು ತಿಳಿದುಬರುವಂತೆ ವ್ಯವಸ್ಥೆಯನ್ನು ರೂಪಿಸಿರುವುದೇ ಇದಕ್ಕೆ ಕಾರಣ. ಗಾತ್ರ ಕುಗ್ಗಿಸುವುದಿದ್ದಲ್ಲಿ ಸಹಿಗೆ ಮೊದಲೇ ಕುಗ್ಗಿಸತಕ್ಕದ್ದು.

ಕಡತವನ್ನು ತೆರೆದಾಗ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡುಬಂದಲ್ಲಿ ಪ್ರಮಾಣಪತ್ರ ನಕಲಿಯೆಂದು ಅರ್ಥವಲ್ಲ. ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ಆ ಗಣಕಯಂತ್ರವು ಇನ್ನೂ ನಂಬಿಕೆಯ ಪಟ್ಟಿಗೆ ಸೇರಿಸಿಕೊಂಡಿಲ್ಲವೆಂದಷ್ಟೇ ಅರ್ಥವಾಗಬಹುದು. ಸಹಿಯ ವಿವರಗಳನ್ನು ತೆರೆದು, ಸರಣಿಯ ತುದಿಯಲ್ಲಿ ಸಿಸಿಎ ಇಂಡಿಯಾ ಎಂಬ ಹೆಸರು ಇರುವುದನ್ನು ಖಚಿತಪಡಿಸಿಕೊಂಡು ಅದನ್ನು ಸೇರಿಸಿದಲ್ಲಿ, ಸಹಿ ಸರಿಯಾಗಿದ್ದರೆ ಹಸಿರು ಗುರುತು ಬರುತ್ತದೆ. ಕೆಂಪು ಗುರುತು ಬಂದಲ್ಲಿ ಮಾತ್ರ ಕಡತ ನೀಡಿದ ಕಚೇರಿಯನ್ನು ಸಂಪರ್ಕಿಸಿರಿ.

ಕರಾರು ತಂತ್ರಾಂಶಗಳಲ್ಲಿನ ಸೌಲಭ್ಯಗಳು

ಬಾಡಿಗೆದಾರರು, ಮಾಲೀಕರು, ಸಾಕ್ಷಿಗಳು ಯಾವ ಅನುಕ್ರಮದಲ್ಲಿ ಸಹಿ ಮಾಡಬೇಕೆಂದು ನಿಗದಿಪಡಿಸುವುದು, ಕರಡಿನ ಹಿಂದಿನ ಆವೃತ್ತಿಗಳನ್ನು ಹೋಲಿಸಿ ನೋಡುವುದು, ಕರಾರಿನ ಅವಧಿ ಮುಗಿಯುವ ಮುನ್ನ ನೆನಪಿಸುವುದು ಇವು ಈಗ ಸಾಮಾನ್ಯ. ಕಡತವನ್ನು ಯಾರು, ಯಾವಾಗ ತೆರೆದರು, ಯಾವಾಗ ಸಹಿ ಮಾಡಿದರು ಎಂಬ ದಿನಚರಿಯೂ ಅದರೊಂದಿಗೆ ದೊರೆಯುತ್ತದೆ. ವ್ಯಾಜ್ಯ ಉಂಟಾದಲ್ಲಿ ಈ ದಿನಚರಿ ಬಹಳ ಉಪಯುಕ್ತವಾಗುವುದರಿಂದ ಕರಾರಿನೊಂದಿಗೆ ಅದನ್ನೂ ಇಳಿಸಿಟ್ಟುಕೊಳ್ಳಬೇಕು.

ಎರಡು ಸೌಲಭ್ಯಗಳ ಬಗ್ಗೆ ಎಚ್ಚರ ಅಗತ್ಯ. ಒಂದೇ ಒಟಿಪಿಯಿಂದ ಹಲವು ದಾಖಲೆಗಳಿಗೆ ಸಹಿ ಮಾಡಿಸುವ ವ್ಯವಸ್ಥೆಯಲ್ಲಿ, ಸಾಲದ ಅರ್ಜಿಯ ಜೊತೆ ಬೇರೊಬ್ಬರ ಸಾಲಕ್ಕೆ ಜಾಮೀನು ಪತ್ರವೂ ಇದ್ದರೆ ಅದಕ್ಕೂ ಸಹಿ ಬಿದ್ದಂತಾಗುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಂದು ದಾಖಲೆಯನ್ನೂ ತೆರೆದು ನೋಡಿರಿ. ಅಂತೆಯೇ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕರಾರಿನ ಸಾರಾಂಶ ನೀಡುವ ಸೌಲಭ್ಯವೂ ಬಂದಿದೆ. ತಮ್ಮನ್ನು ಬದ್ಧಗೊಳಿಸುವುದು ಕರಾರೇ ಹೊರತು ಸಾರಾಂಶವಲ್ಲ.

ಮುದ್ರಾಂಕ ಶುಲ್ಕ ಮತ್ತು ನೋಂದಣಿ

ಇ-ಸಹಿ ಮಾಡಿದರೆ ಮುದ್ರಾಂಕ ಶುಲ್ಕ ಬೇಕಿಲ್ಲವೆಂಬ ತಿಳಿವಳಿಕೆ ತಪ್ಪು. ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರ ಕಲಂ 17ರಂತೆ ಸಹಿಗೆ ಮೊದಲು ಅಥವಾ ಸಹಿಯ ವೇಳೆಗೆ ಶುಲ್ಕ ಸಂದಾಯವಾಗಿರಬೇಕು. ತಪ್ಪಿದಲ್ಲಿ ಕಲಂ 34ರನ್ವಯ ಆ ದಾಖಲೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ. ಸ್ವೀಕಾರಾರ್ಹವಾಗಬೇಕಿದ್ದಲ್ಲಿ ಕೊರತೆಯಾದ ಶುಲ್ಕದ ಜೊತೆಗೆ ಅದರ ಹತ್ತರಷ್ಟು ದಂಡವನ್ನು ತೆರಬೇಕಾಗಬಹುದು. ಒಂದು ವರ್ಷಕ್ಕೆ ಮೀರಿದ ಗೇಣಿ ಅಥವಾ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದೂ ಕಡ್ಡಾಯ.

ಉಯಿಲು ಮತ್ತು ನ್ಯಾಸಪತ್ರಗಳಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಅನ್ವಯಿಸುವುದಿಲ್ಲ. ಅವುಗಳನ್ನು ಕಾಗದದಲ್ಲಿಯೇ ಬರೆದು ಸಹಿ ಮಾಡಬೇಕು. ಸ್ಥಿರಾಸ್ತಿ ಮಾರಾಟದ ಕರಾರುಗಳೂ ಮೊದಲು ಈ ನಿಷೇಧದ ಪಟ್ಟಿಯಲ್ಲಿದ್ದವು. 2022ರ ಅಧಿಸೂಚನೆಯಿಂದ ಅವುಗಳನ್ನು ಕೈಬಿಡಲಾಗಿದೆ. ಆದರೆ ಕ್ರಯಪತ್ರದ ನೋಂದಣಿಯಾಗದೆ ಹಕ್ಕು ವರ್ಗಾವಣೆಯಾಗುವುದಿಲ್ಲವೆಂಬುದನ್ನು ಖರೀದಿದಾರರು ಗಮನಿಸಬೇಕು. ಅಧಿಕಾರಪತ್ರಗಳ ವಿಷಯದಲ್ಲಿ, ರಿಸರ್ವ್ ಬ್ಯಾಂಕ್ ಮುಂತಾದ ನಿಯಂತ್ರಣ ಸಂಸ್ಥೆಗಳ ಅಧೀನದಲ್ಲಿರುವ ಸಂಸ್ಥೆಗಳಿಗೆ ಬರೆದುಕೊಡುವವುಗಳಿಗೆ ಮಾತ್ರ ಸದರಿ ಅಧಿಸೂಚನೆಯಲ್ಲಿ ವಿನಾಯಿತಿ ಇದೆ.

ದುರುಪಯೋಗ ಕಂಡುಬಂದಲ್ಲಿ

ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವವರಿಗೆ ಕಲಂ 66ಸಿ ಅಡಿಯಲ್ಲಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ತಾವು ಕೋರದೆಯೇ ಆಧಾರ್ ಒಟಿಪಿ ಬಂದಲ್ಲಿ ಅದನ್ನು ಯಾರಿಗೂ ತಿಳಿಸದೆ 1947 ಸಂಖ್ಯೆಗೆ ಕರೆ ಮಾಡುವುದು. ಹಣದ ವಂಚನೆ ನಡೆದಿದ್ದಲ್ಲಿ 1930 ಸಹಾಯವಾಣಿಗೆ ಕೂಡಲೇ ದೂರು ನೀಡತಕ್ಕದ್ದು. ದೂರಿನೊಂದಿಗೆ ಸಹಿಯಾದ ಮೂಲ ಕಡತ ಮತ್ತು ಒಟಿಪಿ ಬಂದ ಸಂದೇಶವನ್ನು ಒದಗಿಸಬೇಕಾಗುವುದರಿಂದ ಅವುಗಳನ್ನು ಅಳಿಸಬಾರದು.