ಕಲಬುರಗಿ ಸೀಮೆಯ ಸಿಮೆಂಟ್ ಕಂಪನಿಗಳ ವಿಲೀನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಮತ್ತು ಇವುಗಳ ನಡುವಿನ ತೆಂಗಳಿಯ ಸುತ್ತಲಿನ ಸುಣ್ಣಕಲ್ಲಿನ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳ ಒಡೆತನ ಕೈಬದಲಾದ ಬೆಳವಣಿಗೆ. 2022ರಿಂದ 2025ರೊಳಗೆ ಇಲ್ಲಿನ ಮೂರು ದೊಡ್ಡ ಕಾರ್ಖಾನೆಗಳು ಎರಡು ಉದ್ಯಮ ಸಮೂಹಗಳ ಪಾಲಾದವು.

ಈ ಸೀಮೆಗೆ ವಿಲೀನ ಹೊಸದಲ್ಲ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ರೂಪುಗೊಂಡಾಗ ನಿಜಾಮ್ ಸಂಸ್ಥಾನದ ಶಹಾಬಾದ್ ಸಿಮೆಂಟ್ ಕಂಪನಿ ಅವುಗಳಲ್ಲಿ ಒಂದಾಗಿತ್ತು. ಮಳಖೇಡದ ರಾಜಶ್ರೀ ಸಿಮೆಂಟ್ 1998ರಲ್ಲಿ ಇಂಡಿಯನ್ ರೇಯಾನ್‌ನಿಂದ ಗ್ರಾಸಿಮ್‌ಗೆ, 2010ರಲ್ಲಿ ಅಲ್ಟ್ರಾಟೆಕ್‌ಗೆ ಹೋಯಿತು. ವಾಡಿಯ ಎಸಿಸಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕೈಯಿಂದ 2022ರ ಸೆಪ್ಟೆಂಬರಿನಲ್ಲಿ ಅದಾನಿ ಸಮೂಹಕ್ಕೆ ಬಂತು. ಇಟಗಾದಲ್ಲಿ 2015ರಲ್ಲಿ ಆರಂಭವಾದ ಓರಿಯಂಟ್ ಸಿಮೆಂಟ್ ಕಾರ್ಖಾನೆಯೂ 2025ರ ಏಪ್ರಿಲ್‌ನಲ್ಲಿ ಅದೇ ಸಮೂಹದ ಅಂಬುಜಾ ಕಂಪನಿಯ ಹಿಡಿತಕ್ಕೆ ಸೇರಿತು. ಸೇಡಂನ ವಾಸವದತ್ತಾ ಸಿಮೆಂಟನ್ನು ನಡೆಸುತ್ತಿದ್ದ ಕೇಸೋರಾಮ್ ತನ್ನ ಸಿಮೆಂಟ್ ವಿಭಾಗವನ್ನು 2025ರ ಮಾರ್ಚ್ 1ರಿಂದ ಅಲ್ಟ್ರಾಟೆಕ್‌ಗೆ ಬಿಟ್ಟುಕೊಟ್ಟಿತು.

ಮೂರೂ ವ್ಯವಹಾರಗಳಿಗೆ ಭಾರತೀಯ ಸ್ಪರ್ಧಾ ಆಯೋಗ ಒಪ್ಪಿಗೆ ಕೊಟ್ಟಿದೆ. ಸ್ಪರ್ಧಾ ಕಾಯ್ದೆ 2002ರದ್ದಾದರೂ ವಿಲೀನಗಳ ಪರಿಶೀಲನೆ ಜಾರಿಗೆ ಬಂದದ್ದು 2011ರ ಜೂನ್‌ನಲ್ಲಿ. 2023ರ ತಿದ್ದುಪಡಿ ಅದರ ಗರಿಷ್ಠ ಅವಧಿಯನ್ನು 210 ದಿನಗಳಿಂದ 150ಕ್ಕೆ ಇಳಿಸಿತು. ಸಿಮೆಂಟ್ ಬೆಲೆಯ ವಿಷಯದಲ್ಲಿ ಆಯೋಗ ಕಠಿಣವಾಗಿ ನಡೆದುಕೊಂಡದ್ದೂ ಉಂಟು: ಕೂಟ ಕಟ್ಟಿಕೊಂಡು ದರ ಏರಿಸಿದ ಆರೋಪದ ಮೇಲೆ 2012ರಲ್ಲಿ ಎಸಿಸಿ, ಅಲ್ಟ್ರಾಟೆಕ್ ಸೇರಿದಂತೆ 11 ಕಂಪನಿಗಳಿಗೆ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿತು. 2015ರಲ್ಲಿ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋಯಿತು; 2016ರಲ್ಲಿ ಆಯೋಗ ಮತ್ತೆ ದಂಡ ವಿಧಿಸಿತು; ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಕಾರ್ಮಿಕರ ಲೆಕ್ಕ ಬೇರೆ. ವಿಲೀನವನ್ನು ತೂಗುವಾಗ ನೋಡಬೇಕಾದ ಅಂಶಗಳನ್ನು ಕಾಯ್ದೆಯ 20(4)ನೇ ಕಲಮು ಪಟ್ಟಿಮಾಡುತ್ತದೆ. ಮಾರುಕಟ್ಟೆ ಪಾಲು, ಬೆಲೆ ಏರುವ ಸಂಭವ, ಹೊಸಬರಿಗಿರುವ ಅಡ್ಡಿ ಎಲ್ಲವೂ ಅಲ್ಲಿವೆ. ಉದ್ಯೋಗ ಎಂಬ ಮಾತಿಲ್ಲ. ಒಂದು ಚೀಲ ಸಿಮೆಂಟ್ ಕೊಳ್ಳುವವನಿಗೆ ಕಾನೂನಿನಲ್ಲಿ ಸಿಕ್ಕ ಜಾಗ ಆ ಚೀಲ ತುಂಬುವವನಿಗೆ ಸಿಕ್ಕಿಲ್ಲ. ಇದು ದೊಡ್ಡ ಕೊರತೆ.

ಕಾರ್ಖಾನೆಯ ಒಳಗೂ ಎಲ್ಲರ ಸ್ಥಿತಿ ಒಂದೇ ಅಲ್ಲ. 'ವೇಜ್ ಬೋರ್ಡ್ ನೌಕರರು' ಎಂದು ಕರೆಯಿಸಿಕೊಳ್ಳುವ ಕಾಯಂ ಕಾರ್ಮಿಕರಿಗೆ ರಾಷ್ಟ್ರಮಟ್ಟದ ವೇತನ ಒಪ್ಪಂದದ ಆಸರೆಯಿದೆ. ಮಾಲೀಕ ಬದಲಾದಾಗ ಹಳೆಯ ಸೇವೆ ಮುರಿಯದೆ, ಷರತ್ತುಗಳು ಕೆಳಗಿಳಿಯದೆ ಮುಂದುವರಿಯದಿದ್ದರೆ ಅವರಿಗೆ ನೋಟಿಸ್ ಮತ್ತು ಪರಿಹಾರ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್‌ಎಫ್ ಕಲಮು ಹೇಳಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಪ್ಯಾಕಿಂಗ್, ಲೋಡಿಂಗ್, ಗಣಿ ಕೆಲಸದ ಗುತ್ತಿಗೆ ಕಾರ್ಮಿಕರಿಗೆ ಈ ರಕ್ಷಣೆ ಸಲೀಸಾಗಿ ದಕ್ಕುವುದಿಲ್ಲ. ಕಾಗದದ ಮೇಲೆ ಅವರ ಮಾಲೀಕ ಗುತ್ತಿಗೆದಾರ. ಹೊಸ ಆಡಳಿತ ಹಳೆಯ ಗುತ್ತಿಗೆ ನವೀಕರಿಸದಿದ್ದರೆ ಅವರ ಗೇಟ್ ಪಾಸ್ ಅಲ್ಲಿಗೇ ಮುಗಿಯುತ್ತದೆ. ಗಣಿಗೆ ಹೊಲ ಕೊಟ್ಟು ಈ ಕೆಲಸ ಹಿಡಿದ ಮನೆಗಳಿಗೆ ಇದು ಎರಡನೆಯ ಪೆಟ್ಟು.

ಒಪ್ಪಿಗೆಯ ವೇಳೆ ನೌಕರರ ವಿಷಯ ಲೆಕ್ಕಕ್ಕೆ ಬಾರದ ಚಿತ್ರ ವಿಮಾನಯಾನದಲ್ಲೂ ಕಾಣುತ್ತದೆ. ಏರ್ ಇಂಡಿಯಾ–ವಿಸ್ತಾರಾ ವಿಲೀನಕ್ಕೆ ಆಯೋಗ 2023ರಲ್ಲಿ ಷರತ್ತುಬದ್ಧ ಒಪ್ಪಿಗೆ ಕೊಟ್ಟಿತು. ಹೊಸ ವೇತನ ಪದ್ಧತಿಯ ಬಗ್ಗೆ ವಿಸ್ತಾರಾ ಪೈಲಟ್‌ಗಳ ಅಸಮಾಧಾನ ಹೊರಬಿದ್ದದ್ದು 2024ರಲ್ಲಿ, ವಿಮಾನಗಳು ರದ್ದಾದಾಗ.

ಬೇರೆ ದಾರಿಯೂ ಇದೆ. ದಕ್ಷಿಣ ಆಫ್ರಿಕದ 1998ರ ಸ್ಪರ್ಧಾ ಕಾಯ್ದೆ ವಿಲೀನದಿಂದ ಉದ್ಯೋಗಕ್ಕಾಗುವ ಪರಿಣಾಮವನ್ನು ಪರಿಶೀಲಿಸಲೇಬೇಕೆನ್ನುತ್ತದೆ. ಕಾರ್ಮಿಕ ಸಂಘಕ್ಕೂ ತಿಳುವಳಿಕೆ ಹೋಗಬೇಕು. ವಾಲ್‌ಮಾರ್ಟ್–ಮಾಸ್‌ಮಾರ್ಟ್ ವಿಲೀನದ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2012ರಲ್ಲಿ 503 ಕಾರ್ಮಿಕರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿತು. ಭಾರತದ ಕಾಯ್ದೆಯ 20(4)ನೇ ಕಲಮಿಗೂ ಅಂಥದೊಂದು ಅಂಶ ಸೇರಲೇಬೇಕು.